ಶುಕ್ರವಾರ ಸಂಜೆಯ ಫೋನ್ ಕರೆಗಳು

ಯುವ ಸ್ವಯಂಸೇವಕರನ್ನು ಸಂಭಾಳಿಸುವುದಕ್ಕೂ ಸಂಬಳ ಕೊಡುತ್ತಾರೆ ಎಂದು ನನಗೆ ತಿಳಿದದ್ದು ಆ ಕೆಲಸವನ್ನು ಮೂರು ವರ್ಷ ಪುಕ್ಕಟೆಯಾಗಿ ಮಾಡಿದ ಮೇಲೆ. ಈಗ ರಾಜಾಜಿನಗರದ ಒಂದು ಪುಟ್ಟ ಸಂಸ್ಥೆಯಲ್ಲಿ ಸಂಯೋಜಕಿಯಾಗಿದ್ದೇನೆ. ಪದವಿ ಮುಗಿಸಿದವರು ಬಂದು, "ಅಕ್ಕಾ, ಈ ಕೆಲಸಕ್ಕೆ ಸೇರುವುದು ಹೇಗೆ?" ಎಂದು ಕೇಳುತ್ತಾರೆ. ಅವರಿಗೆ ಹೇಳುವುದು ಇಷ್ಟು.

ಇನ್ನೂ ಕಾಲೇಜಿನಲ್ಲಿದ್ದರೆ ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ಸೇರಿ. ಗಾಂಧೀಜಿ ಜನ್ಮಶತಾಬ್ದಿಯ ವರ್ಷ, 1969ರಲ್ಲಿ, ಆರಂಭವಾದ ಯೋಜನೆ. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಎಲ್ಲರ ಕಣ್ಣೂ ಪ್ರಮಾಣಪತ್ರದ ಮೇಲಿರುತ್ತದೆ. ನೀವು ಕಾರ್ಯಕ್ರಮಾಧಿಕಾರಿಯನ್ನು ಗಮನಿಸಿ. ಪಾಠ ಮಾಡುವ ಮೇಷ್ಟ್ರೇ ಅವರು. ಹಾಜರಿ, ಪತ್ರವ್ಯವಹಾರ, ಬಿಲ್ಲುಗಳು ಎಲ್ಲ ಅವರ ತಲೆಯ ಮೇಲೆ. "ಸರ್, ಶಿಬಿರದ ಊಟದ ಲೆಕ್ಕ ನಾನು ನೋಡಿಕೊಳ್ಳುತ್ತೇನೆ" ಎಂದರೆ ಯಾವ ಮೇಷ್ಟ್ರೂ ಬೇಡ ಎನ್ನುವುದಿಲ್ಲ. ಮಾಗಡಿ ಬಳಿಯ ಹಳ್ಳಿಯೊಂದರಲ್ಲಿ ಐವತ್ತು ಮಂದಿಯ ಊಟಕ್ಕೆ ನಾನು ಹೊಣೆ ಹೊತ್ತೆ. ಮೊದಲ ದಿನ ಅನ್ನ ಸಾಲಲಿಲ್ಲ, ಎರಡನೇ ದಿನ ಒಂದು ಕೊಳದಪ್ಪಲೆ ಸಾರು ಉಳಿಯಿತು. ಮೂರನೇ ದಿನದಿಂದ ಪ್ರತಿ ರಾತ್ರಿ ಅಡುಗೆಯವರ ಪಕ್ಕ ಕುಳಿತು ಮರುದಿನದ ತಲೆ ಎಣಿಸತೊಡಗಿದೆ. ಆ ಶಿಬಿರದಲ್ಲಿ ಚರಂಡಿಯನ್ನೂ ತೋಡಿದ್ದೆವು. ಆದರೆ ಮುಂದೆ ನನಗೆ ಅನ್ನ ಹಾಕಿದ್ದು ಆ ಅನ್ನದ ಲೆಕ್ಕವೇ.

ಕಾಲೇಜು ಮುಗಿದಿದ್ದರೆ ಒಂದೇ ಜಾಗ ಹಿಡಿದು ವಾರವಾರ ಹೋಗಿ. ಬೆಂಗಳೂರಿನಲ್ಲಿ ಈ ಭಾನುವಾರ ಒಂದು ಕೆರೆ, ಮುಂದಿನ ಭಾನುವಾರ ಒಂದು ಓಟ ಎಂದು ಸುತ್ತುತ್ತಿದ್ದರೆ ಬೀರುವಿನ ತುಂಬ ಟೀ ಶರ್ಟ್ ಸೇರುತ್ತದೆ, ಅಷ್ಟೆ. ನಾನು ಲಗ್ಗೆರೆಯ ಒಂದು ಸರ್ಕಾರಿ ಶಾಲೆಯಲ್ಲಿ ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಓದು ಕಲಿಸುತ್ತಿದ್ದೆ. ಅಲ್ಲಿನ ಸಂಯೋಜಕಿ ಹೆರಿಗೆ ರಜೆಗೆ ಹೊರಟಾಗ ಸ್ವಯಂಸೇವಕರ ಹಾಜರಿ ಪುಸ್ತಕ ನನ್ನ ಕೈಗೆ ಬಂತು. ಬಿಡದೆ ಬರುತ್ತಿದ್ದವಳು ನಾನೊಬ್ಬಳೇ ಎಂಬುದಷ್ಟೇ ನನ್ನ ಅರ್ಹತೆ.

ಹಾಜರಿ ಪುಸ್ತಕ ಬಂದ ಮೇಲೆ ಶುಕ್ರವಾರ ಸಂಜೆ ನನ್ನದಾಗಿ ಉಳಿಯಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಇಪ್ಪತ್ತು ಹೆಬ್ಬೆರಳು ಬೀಳುತ್ತವೆ, ಮರುದಿನ ಆರು ಜನ ಬರುತ್ತಾರೆ. ಒಬ್ಬೊಬ್ಬರಿಗೂ ಫೋನ್ ಮಾಡಬೇಕು. "ನಾಳೆ ಬರುತ್ತೀರಾ?" ಎಂದು ಕೇಳಬೇಡಿ, ಅದಕ್ಕೆ ಎಲ್ಲರೂ ಹೂಂ ಎನ್ನುತ್ತಾರೆ. "ನಿಮ್ಮ ಗುಂಪಿನ ಮಕ್ಕಳು ಕಳೆದ ವಾರ ಯಾವ ಪುಟಕ್ಕೆ ನಿಲ್ಲಿಸಿದರು?" ಎಂದು ಕೇಳಿ. ಬರುವವನು ತಕ್ಷಣ ಹೇಳುತ್ತಾನೆ, ಬಾರದವನು ತಡವರಿಸುತ್ತಾನೆ. ತಡವರಿಸಿದವನನ್ನು ಗದರಬೇಡಿ, ಕಾರಣ ಕೇಳಿ. ಪರೀಕ್ಷೆ ಇರಬಹುದು, ಮನೆಯಲ್ಲಿ ಕಾಯಿಲೆ ಇರಬಹುದು. ಎಷ್ಟೋ ಸಲ ಬಸ್ಸಿನ ದುಡ್ಡು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ಹುಡುಗಿಯರಿಗೆ ಆ ಚಿಂತೆ ತಪ್ಪಿತು. ನೆಲಮಂಗಲದಿಂದ ಬರುವ ಹುಡುಗ ಮಾತ್ರ ಈಗಲೂ ಎರಡು ಕಡೆಯ ಟಿಕೆಟ್ ಕೊಳ್ಳಬೇಕು, ಬಾಯಿ ಬಿಟ್ಟು ಹೇಳುವುದೂ ಇಲ್ಲ. ಬಜೆಟ್ಟಿನಲ್ಲಿ ಪ್ರಯಾಣ ವೆಚ್ಚಕ್ಕೆ ಒಂದು ಸಾಲು ಬರೆಸಿ.

ಪುಸ್ತಕದಲ್ಲಿ ಹೆಸರು, ದಿನಾಂಕ, ಗಂಟೆಗಳ ಜೊತೆ ಇನ್ನೊಂದು ಅಂಕಣ ಗೀಚಿಕೊಳ್ಳಿ: ಬಿಟ್ಟುಹೋದವರು ಏಕೆ ಬಿಟ್ಟರು. ನನ್ನ ಮೊದಲ ಸಂದರ್ಶನದಲ್ಲಿ, ಸೇರಿದವರಲ್ಲಿ ಎಷ್ಟು ಮಂದಿ ಉಳಿಯುತ್ತಾರೆ ಎಂದು ಕೇಳಿದರು. ಪುಸ್ತಕ ತೆರೆದು ತೋರಿಸಿದೆ: 31ರಲ್ಲಿ 12. ಕಡಿಮೆಯಾಯಿತು ಎಂದು ಹೆದರಿದ್ದೆ. ಬಿಟ್ಟುಹೋದ 19 ಜನರ ಕಾರಣಗಳನ್ನು ಅವರು ಓದುತ್ತಾ ಕೂತರು, ಕಾಫಿ ಆರಿಹೋಯಿತು.

ಮಕ್ಕಳ ನಡುವೆ ಕೆಲಸವಾದರೆ ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯನ್ನು ಮೊದಲೇ ಓದಿಕೊಳ್ಳಿ. ಯಾವ ಸ್ವಯಂಸೇವಕನೂ ಮಗುವಿನ ಜೊತೆ ಒಂಟಿಯಾಗಿರಬಾರದು, ಅನುಮತಿಯಿಲ್ಲದೆ ಫೋಟೊ ಕೂಡದು. ಇದರಲ್ಲಿ ಸಂಕೋಚ ಬೇಡ.

ಸಂಬಳ ಎಲ್ಲಿಂದ ಬರುತ್ತದೆ ಎಂಬುದೂ ಗೊತ್ತಿರಲಿ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ನಮ್ಮಂಥವರ ಹುದ್ದೆ ಎಷ್ಟೋ ಕಡೆ ಈ ಹಣದಿಂದಲೇ ನಡೆಯುತ್ತದೆ. ಯೋಜನೆ ಮುಗಿದರೆ ಹುದ್ದೆಯೂ ಮುಗಿಯಬಹುದು. ಗುತ್ತಿಗೆಯ ಅವಧಿ ನೋಡಿ ಸಹಿ ಮಾಡಿ. ನನ್ನ ಮೊದಲ ಸಂಬಳ 14,000 ರೂಪಾಯಿ. "ಸೇವೆಗೂ ಸಂಬಳವೇ?" ಎಂದು ನಮ್ಮ ಸೋದರಮಾವ ಕೇಳಿದರು, ಬಾಡಿಗೆ ಕಟ್ಟುವವಳು ನಾನು, ಅವರಲ್ಲ.

ಕಂಪನಿಯವರು ಸೇವೆಗೆಂದು ತಂಡ ಕಟ್ಟಿಕೊಂಡು ಬರುವ ದಿನಗಳನ್ನೂ ನೀವೇ ನಡೆಸಬೇಕಾಗುತ್ತದೆ. ನನ್ನಿಂದ ಒಂದು ಶಾಲೆಯ ಗೋಡೆಗೆ ಒಂದೇ ವರ್ಷ ಮೂರು ಸಲ ಬಣ್ಣ ಬಿತ್ತು. ಮೊದಲ ತಂಡ ಬರೆದಿದ್ದ ಕಾಗುಣಿತವನ್ನು ಎರಡನೇ ತಂಡ ಸುಣ್ಣ ಬಳಿದು ಮುಚ್ಚಿತು, ಮೂರನೆಯದು ಮತ್ತೆ ಕಾಗುಣಿತವನ್ನೇ ಬರೆಯಿತು. ಮುಖ್ಯೋಪಾಧ್ಯಾಯಿನಿಯನ್ನು ನಾನು ಒಂದು ಮಾತು ಕೇಳಿರಲಿಲ್ಲ. ಈಗ ಶಾಲೆಯವರ ಬೇಡಿಕೆ ಪಟ್ಟಿ ಕೈಗೆ ಬಾರದೆ ಯಾವ ತಂಡಕ್ಕೂ ದಿನ ಕೊಡುವುದಿಲ್ಲ.

ಕೊನೆಯದಾಗಿ ಕಾಗದ. "ಸಕ್ರಿಯವಾಗಿ ಭಾಗವಹಿಸಿದ್ದಾರೆ" ಎಂಬ ಪ್ರಮಾಣಪತ್ರ ಎಲ್ಲರ ಬಳಿಯೂ ಇರುತ್ತದೆ. ಎಷ್ಟು ಜನರನ್ನು, ಎಷ್ಟು ತಿಂಗಳು, ಯಾವ ಹೊಣೆಯೊಂದಿಗೆ ನೋಡಿಕೊಂಡಿರಿ ಎಂದು ಬರೆದ ಪತ್ರ ಕೇಳಿ. ಆರು ತಿಂಗಳಿಗೊಮ್ಮೆ ಕೇಳಿ. ನನ್ನ ಪತ್ರಕ್ಕೆ ಸಹಿ ಹಾಕಬೇಕಿದ್ದವರು ನಾನು ಕೇಳುವಷ್ಟರಲ್ಲಿ ಕೆಲಸ ಬಿಟ್ಟು ಊರಿಗೆ ಹೋಗಿದ್ದರು. ಒಂದು ಸಹಿಗಾಗಿ ನಾನು ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಬಂದೆ.