ನೀರು ಯಾರದ್ದು? ಕೊಡಗಿನಲ್ಲಿ ಪರವಾನಗಿ ಪಡೆದು ಗಾಳ ಹಾಕಿದ ನನ್ನ ಅನುಭವ

"ಕೋವಿಗೇ ಲೈಸೆನ್ಸ್ ಬೇಡ, ಗಾಳಕ್ಕೆ ಬೇಕಾ?" ಕಾವೇರಿಯಲ್ಲಿ ಮೀನು ಹಿಡಿಯಲು ದುಡ್ಡು ಕಟ್ಟಿ ಪರವಾನಗಿ ತೆಗೆದುಕೊಂಡೆ ಅಂದಾಗ ನಮ್ಮ ಮಾವ ಕೇಳಿದ್ದು ಇದನ್ನೇ. ತಮಾಷೆಗೆ ಕೇಳಿದ್ದು, ಆದರೆ ಕೊಡಗಿನಲ್ಲಿ ಈ ಪ್ರಶ್ನೆ ಬರುವುದು ಸಹಜ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಆದರೂ ಮಾವನ ಕೋವಿ ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಪೂಜೆಗೆ ಅಂತ ಗೋಡೆಯಿಂದ ಇಳಿಯುತ್ತದೆ, ಮತ್ತೆ ಗೋಡೆ ಹತ್ತುತ್ತದೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಮನಸ್ಸು ಬಂದಾಗ ಹಂದಿ ಬೇಟೆಗೆ ಹೊರಡುವಂತಿಲ್ಲ. "ಕೋವಿ ನಿಮ್ಮದು ಮಾವ, ಹಂದಿ ನಿಮ್ಮದಾ?" ಅಂದೆ. ಗಾಳದ ಕಥೆಯೂ ಅಷ್ಟೇ. ರಾಡ್, ಅಂದರೆ ಗಾಳದ ಕೋಲು, ಇಟ್ಟುಕೊಳ್ಳಲು ಯಾರನ್ನೂ ಕೇಳಬೇಕಿಲ್ಲ. ಗಾಳ ನೀರಿಗೆ ಬೀಳುವ ಮುಂಚೆ ಆ ನೀರು ಯಾರದ್ದು, ಅದರೊಳಗಿನ ಮೀನು ಯಾರದ್ದು ಅಂತ ಗೊತ್ತಿರಬೇಕು.

ನಾನು ಸುಂಟಿಕೊಪ್ಪದ ಕಡೆಯವನು. ಗಾಳ ಹಾಕಲು ಕಲಿತದ್ದು ತೋಟದ ಕೆರೆಯಲ್ಲಿ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಕಾಫಿಗೆ ಸ್ಪ್ರಿಂಕ್ಲರ್ ಹಾಕಬೇಕಲ್ಲ, ಅದಕ್ಕೆ ತೋಡಿಸಿದ ಕೆರೆ. ಸುಮ್ನೆ ನೀರು ನಿಂತಿರುತ್ತದೆ ಅಂತ ಕಾಟ್ಲಾ, ರೋಹು, ಹುಲ್ಲುಗೆಂಡೆ ಮರಿ ಬಿಟ್ಟಿರುತ್ತಾರೆ. ಇಲ್ಲಿ ಮಾಲೀಕರ ಒಪ್ಪಿಗೆಯೇ ಪರವಾನಗಿ. ಹೋಂಸ್ಟೇಗಳು 'ಫಿಶಿಂಗ್ ಇದೆ' ಅನ್ನುವುದು ಬಹುತೇಕ ಇಂಥ ಕೆರೆಯನ್ನೇ. ಹಿಡಿದದ್ದನ್ನು ಅಲ್ಲೇ ಹುರಿದು ತಿಂದರೂ ತಪ್ಪಿಲ್ಲ, ಸಾಕಿದ ಮೀನು. ಮೊದಲ ಸಲ ರಾಡ್ ಹಿಡಿಯುವವರು ಇಲ್ಲಿಂದ ಶುರು ಮಾಡುವುದೇ ಒಳ್ಳೆಯದು. ಆದರೆ ಹೊಳೆ ಪಕ್ಕದ ಹೋಂಸ್ಟೇಯವರು "ಇದು ನಮ್ಮದೇ ಹೊಳೆ, ಹಾಕಿ ಸಾರ್" ಅಂದರೆ ಒಂದು ನಿಮಿಷ ನಿಲ್ಲಿ. ದಡ ಅವರದ್ದಿರಬಹುದು. ಹೊಳೆ ಅವರದ್ದಲ್ಲ. ಕಾಗದ ತೋರಿಸಿ ಅಂತ ಕೇಳಲು ಸಂಕೋಚ ಬೇಡ.

ಊರ ಕೆರೆಗಳದ್ದು ಇನ್ನೊಂದು ಲೆಕ್ಕ. ಮೀನು ಹಿಡಿಯುವ ಹಕ್ಕು ಹರಾಜಾಗಿ ಯಾರೋ ಒಬ್ಬರ ಕೈಯಲ್ಲಿರುತ್ತದೆ. ಅವರು ಮರಿ ಬಿಟ್ಟು, ಕಾವಲು ಕಾದು ಬೆಳೆಸಿದ ಮೀನಿಗೆ ನಾವು ಭಾನುವಾರ ಬಂದು ಗಾಳ ಹಾಕಿದರೆ ಅದು ಕಳ್ಳತನ ಅಲ್ವಾ? ಹಾರಂಗಿ, ಚಿಕ್ಲಿಹೊಳೆ ಜಲಾಶಯಗಳ ಮೀನು ಮೀನುಗಾರಿಕೆ ಇಲಾಖೆಗೆ ಸೇರಿದ್ದು. ಅಲ್ಲಿ ಬಲೆ ಹಾಕಿ ಹೊಟ್ಟೆ ಹೊರೆಯುವವರಿದ್ದಾರೆ. ಇಲಾಖೆಯ ಕಚೇರಿಗೆ ಹೋಗಿ ಕೇಳಿದಾಗ ನನಗೆ ತಿಳಿದ ಮುಖ್ಯ ವಿಷಯ ಒಂದೇ: ಕರ್ನಾಟಕದ ಒಳನಾಡು ಮೀನುಗಾರಿಕೆಗೆ 1996ರ ಕಾಯ್ದೆ ಇದೆ, ಸರ್ಕಾರಿ ನೀರಲ್ಲಿ ಹವ್ಯಾಸಕ್ಕೆ ಹಿಡಿದರೂ ಅನುಮತಿ ಕೇಳಿಯೇ ಹಿಡಿಯಬೇಕು. ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಒಮ್ಮೆ ಹೋಗಿ ಬನ್ನಿ. ಯಾವ ನೀರು ಯಾರಿಗೆ ಕೊಟ್ಟಿದ್ದಾರೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಕಾಡಿನ ನೀರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ಅಲ್ಲಿ ಗಾಳ ಹಾಕುವ ಹಾಗೇ ಇಲ್ಲ. ನಾಗರಹೊಳೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ, ಇವೆಲ್ಲ ರಕ್ಷಿತ ಪ್ರದೇಶ. ಹಿಡಿದು ಬಿಟ್ಟುಬಿಡುತ್ತೇನೆ ಅಂದರೂ ನಡೆಯುವುದಿಲ್ಲ. ಕೊಡಗು ದಾಟಿ ಕಾವೇರಿ ಹರಿಯುವ ಕೆಳಭಾಗದಲ್ಲಿ, ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯಲ್ಲಿ ಕಾವೇರಿ ವನ್ಯಧಾಮದೊಳಗೆ ಹೆಸರಾಂತ ಆಂಗ್ಲಿಂಗ್ ಕ್ಯಾಂಪ್‌ಗಳಿದ್ದವು. ಹೊರದೇಶದವರೆಲ್ಲ ಮಹಶೀರ್ ಅನ್ನುವ ದೊಡ್ಡ ಹೊಳೆಮೀನು ಹುಡುಕಿಕೊಂಡು ಅಲ್ಲಿಗೆ ಬರುತ್ತಿದ್ದರು. ವನ್ಯಧಾಮದೊಳಗೆ ಗಾಳ ಹಾಕುವುದೂ ಬೇಟೆಯೇ ಅನ್ನುವ ಕಾರಣಕ್ಕೆ ಅಲ್ಲಿ ಗಾಳ ನಿಂತುಹೋಯಿತು. ಗಾಳದವರು ಓಡಾಡುತ್ತಿದ್ದರೆ ತೋಟೆ (ಸಿಡಿಮದ್ದು) ಸಿಡಿಸಿ ಮೀನು ಕೊಲ್ಲುವವರು ಬರುವುದಿಲ್ಲ, ಹಾಗಾಗಿ ನಿಲ್ಲಿಸಿದ್ದು ತಪ್ಪು ಅಂತ ವಾದಿಸುವವರಿದ್ದಾರೆ. ಅವರ ಮಾತಲ್ಲಿ ಹುರುಳಿದೆ ಅಂತ ನನಗೂ ಅನ್ನಿಸುತ್ತದೆ. ಆದರೂ ಕಾನೂನು ಬದಲಾಗುವವರೆಗೆ ಕಾನೂನೇ.

ಇನ್ನು ಉಳಿಯುವುದು ವಾಲ್ನೂರು. ಗಾಳದವರಿಗೆ ಕೊಡಗು ಅಂದರೆ ಇದೇ. ಕುಶಾಲನಗರಕ್ಕೂ ಸಿದ್ದಾಪುರಕ್ಕೂ ನಡುವಿನ ಕಾವೇರಿಯ ಒಂದು ಭಾಗವನ್ನು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಮೀನುಗಾರಿಕೆ ಇಲಾಖೆಯಿಂದ ಗುತ್ತಿಗೆಗೆ ಪಡೆದು, ಕಾವಲು ಹಾಕಿ, ಗಾಳದವರಿಗೆ ಪರವಾನಗಿ ಕೊಡುತ್ತಾ ಬಂದಿದೆ. ನಾನು ಮೊದಲು ಫೋನ್ ಮಾಡಿ ದಿನ ಕೇಳಿದೆ. ಗುರುತಿನ ಚೀಟಿಯ ಪ್ರತಿ ಕೊಟ್ಟು, ಶುಲ್ಕ ಕಟ್ಟಿ ಚೀಟಿ ಪಡೆದೆ. ಶುಲ್ಕ ಆಗಾಗ ಬದಲಾಗುತ್ತದೆ, ಹಾಗಾಗಿ ಇಲ್ಲಿ ಬರೆಯುವುದಿಲ್ಲ. ಕೇಳಿಕೊಂಡೇ ಹೊರಡಿ. ಚೀಟಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಜೇಬಲ್ಲಿಟ್ಟುಕೊಳ್ಳಿ. ಕಾವಲಿನವರು ಕೇಳಿದಾಗ ಬ್ಯಾಗ್ ಕಾರಲ್ಲಿದೆ ಅಂತ ಗುಡ್ಡ ಹತ್ತುವ ಪಾಡು ಬೇಡ. ಇಲ್ಲಿನ ದೊಡ್ಡ ನಿಯಮ ಒಂದೇ: ಹಿಡಿದ ಮಹಶೀರನ್ನು ಜೀವಂತ ನೀರಿಗೆ ಬಿಡಬೇಕು.

ಮಾವನಿಗೆ ಅರ್ಥವಾಗದೆ ಉಳಿದದ್ದು ಇದೇ. ದುಡ್ಡು ಕೊಟ್ಟು ಹಿಡಿದು ಮತ್ತೆ ಬಿಡುವುದಾ? ಹಾಗಾದರೆ ಸಾರಿಗೇನು? ನಾನು ಹೇಳಿದ್ದು ಹೀಗೆ. ಕಾವೇರಿಯಲ್ಲಿ ಎರಡು ಮಹಶೀರ್ ಇವೆ. ಬೆನ್ನು ಉಬ್ಬಿದ, ಕಿತ್ತಳೆ ಬಣ್ಣದ ರೆಕ್ಕೆಯದ್ದು ಈ ಹೊಳೆಯದ್ದೇ. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ, ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಗಾಳದಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು, ಅಂದರೆ 54 ಕಿಲೋ. ಇಷ್ಟು ಹೆಸರಾಂತ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗಟ್ಟಿಯಾದದ್ದು 2018ರಲ್ಲಿ: ಟೋರ್ ರೆಮಾದೇವಿ. ಅದೇ ವರ್ಷ ಅದು ಅಳಿವಿನ ಅಂಚಿಗೆ ತೀರಾ ಹತ್ತಿರ ಇರುವ ಜೀವಿಗಳ ಪಟ್ಟಿಗೂ ಸೇರಿತು. ಎರಡನೆಯದು ನೀಲಿ ರೆಕ್ಕೆಯ ಮಹಶೀರ್. ಲೋನಾವಳದಲ್ಲಿ ಟಾಟಾ ಕಂಪನಿಯವರು ಮರಿ ಮಾಡಿ ಹಲವು ನದಿಗಳಿಗೆ ಕೊಟ್ಟ ಜಾತಿ ಇದು. ಕಾವೇರಿಗೂ ಬಂತು, ಚೆನ್ನಾಗಿ ಹಬ್ಬಿತು. ಒಳ್ಳೆಯದಾಗಲಿ ಅಂತ ಬಿಟ್ಟದ್ದೇ, ಆದರೆ ಹೊರಗಿನದು ಹೆಚ್ಚಿದ ಹಾಗೆ ಊರಿನದು ಕಮ್ಮಿಯಾಯಿತು. ಈಗ ಗಾಳಕ್ಕೆ ಸಿಗುವುದು ಬಹುತೇಕ ನೀಲಿ ರೆಕ್ಕೆಯದ್ದೇ. ಹಾರಂಗಿಯಲ್ಲಿ ಇಲಾಖೆಯದ್ದೇ ಮಹಶೀರ್ ಮರಿ ಕೇಂದ್ರ ಇದೆ, ನೋಡಬೇಕು ಅನ್ನುವವರು ಕೇಳಿಕೊಂಡು ಹೋಗಿ ನೋಡಬಹುದು.

ಬಿಡುವುದಕ್ಕೂ ಒಂದು ಕ್ರಮ ಬೇಕು. ಬಿಟ್ಟ ಮೀನೆಲ್ಲ ಬದುಕುವುದಿಲ್ಲ. ಅರ್ಧ ಗಂಟೆ ಆಡಿಸಿ ಸುಸ್ತು ಮಾಡಿ ಬಿಟ್ಟರೆ ಅದು ಸ್ವಲ್ಪ ದೂರ ಹೋಗಿ ಹೊಟ್ಟೆ ಮೇಲೆ ಮಾಡುತ್ತದೆ. ಅದಕ್ಕೇ ನಾನು ದಪ್ಪ ಲೈನ್ ಹಾಕುತ್ತೇನೆ, 30 ಪೌಂಡ್ ಎಳೆತ ತಡೆಯುವಂಥದ್ದು. ಲೈನ್ ತೆಳ್ಳಗಿದ್ದಷ್ಟೂ ಮಜಾ ಜಾಸ್ತಿ ಅನ್ನುವ ಗೆಳೆಯರಿದ್ದಾರೆ. ಮಜಾ ಅವರಿಗೆ, ಪ್ರಾಣ ಮೀನಿಗೆ. ಮಹಶೀರ್ ಗಾಳ ಕಚ್ಚಿದ ಕೂಡಲೇ ಬಂಡೆ ಸಂದಿಗೆ ನುಗ್ಗುತ್ತದೆ. ತೆಳ್ಳಗಿನ ಲೈನ್ ಅಲ್ಲೇ ಉಜ್ಜಿ ತುಂಡಾಗುತ್ತದೆ, ಮೀನು ಬಾಯಲ್ಲಿ ಗಾಳ ಇಟ್ಟುಕೊಂಡು ತಿರುಗಬೇಕಾಗುತ್ತದೆ.

ಗಾಳದ ತುದಿಯಲ್ಲಿ ಹಿಂದಕ್ಕೆ ಬಾಗಿದ ಚಿಕ್ಕ ಮುಳ್ಳು ಇರುತ್ತದಲ್ಲ, ಅದನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿಬಿಡುತ್ತೇನೆ. ಲೈನ್ ಸಡಿಲ ಬಿಡದಿದ್ದರೆ ಮೀನು ತಪ್ಪಿಸಿಕೊಳ್ಳುವುದಿಲ್ಲ, ಬಿಡಿಸುವುದು ಮಾತ್ರ ತುಂಬಾ ಸುಲಭ. ಸ್ಪೂನ್‌ಗೆ (ಮೀನನ್ನು ಮರುಳು ಮಾಡುವ ಹೊಳೆಯುವ ಲೋಹದ ತುಂಡು) ಮೂರು ಕೊಕ್ಕೆಯ ಗಾಳ ಬಂದಿದ್ದರೆ ತೆಗೆದು ಒಂಟಿ ಗಾಳ ಹಾಕುತ್ತೇನೆ. ಮೇವಿಗೆ ಕಾವೇರಿಯ ಹಳೇ ಪದ್ಧತಿಯೇ ಸಾಕು: ರಾಗಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ, ಕುದಿಯುವ ನೀರಲ್ಲಿ ಬೇಯಿಸಿದ್ದು. ಮುದ್ದೆಗಿಂತ ಗಟ್ಟಿ ಇರಬೇಕು, ಇಲ್ಲದಿದ್ದರೆ ಸಣ್ಣ ಮೀನುಗಳು ಕಿತ್ತು ಖಾಲಿ ಮಾಡುತ್ತವೆ.

ಮೀನು ದಡಕ್ಕೆ ಬಂದ ಮೇಲೆ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಹೋಗುತ್ತದೆ, ಆಮೇಲೆ ಸೋಂಕು. ಕಿವಿರಿಗೆ ಬೆರಳು ಹಾಕಿ ತೂಗುಹಾಕಲೇಬೇಡಿ. ಮರಳ ಮೇಲೆ ಮಲಗಿಸುವುದೂ ಬೇಡ. ಮೊಣಕಾಲು ನೀರಲ್ಲಿ ನಿಂತು ಗಾಳ ಬಿಡಿಸಿ. ಫೋಟೊ ಬೇಕೇ ಬೇಕು ಅಂದರೆ ಜೊತೆಯವರು ಮೊಬೈಲ್ ಹಿಡಿದು ರೆಡಿ ಇರಲಿ, ನೀವು ಉಸಿರು ಬಿಗಿಹಿಡಿದು ಮೀನೆತ್ತಿ. ನಿಮಗೆ ಉಸಿರು ಕಟ್ಟುವ ಮುಂಚೆ ಅದು ವಾಪಸ್ ನೀರಲ್ಲಿರಬೇಕು. ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು ನಿಲ್ಲಿ. ಶಕ್ತಿ ಬಂದಾಗ ಬಾಲ ಬೀಸಿ ಅದೇ ಹೋಗುತ್ತದೆ, ನೀವು ತಳ್ಳಬೇಕಿಲ್ಲ. ಏಪ್ರಿಲ್, ಮೇನಲ್ಲಿ ನಾನು ಹೋಗುವುದೇ ಇಲ್ಲ. ನೀರು ಕಮ್ಮಿ, ಬಿಸಿ ಬೇರೆ. ಆಗ ಸುಸ್ತಾದ ಮೀನು ಚೇತರಿಸಿಕೊಳ್ಳುವುದು ಕಷ್ಟ.

ಮಳೆಗಾಲ ಪೂರ್ತಿ ರಜೆ. ನಮ್ಮವರಿಗೆ ಒಪ್ಪಿಸಲು ತುಂಬಾ ಕಷ್ಟವಾಗುವ ನಿಯಮ ಇದೇ, ಯಾಕೆಂದರೆ ಕೊಡಗಿನಲ್ಲಿ ಮೀನಿನ ಆಸೆ ಹುಟ್ಟುವುದೇ ಮೊದಲ ಮಳೆಗೆ. ತೋಡು ತುಂಬಿ ಹತ್ತುಮೀನು ಗದ್ದೆಗೆ ಏರುತ್ತದೆ, ಎಲ್ಲರೂ ಕೂಳಿ (ಮೀನು ಹಿಡಿಯುವ ಬುಟ್ಟಿ) ಹುಡುಕುತ್ತಾರೆ. ಆ ಮೀನು ಏರುವುದು ಮೊಟ್ಟೆ ಇಡಲು. ಹೊಟ್ಟೆ ತುಂಬ ಮೊಟ್ಟೆ ಇರುವ ಒಂದು ಮೀನು ಹಿಡಿದರೆ ಮುಂದಿನ ವರ್ಷದ್ದನ್ನೂ ಹಿಡಿದ ಹಾಗೆಯೇ. ಕಕ್ಕಡದಲ್ಲಿ (ಜುಲೈ, ಆಗಸ್ಟ್ ನಡುವಿನ ಜಡಿಮಳೆಯ ತಿಂಗಳು) ಮೀನಿನ ಬದಲು ಏಡಿ ಸಾರು ಮಾಡಿ ಅಂತ ಮಾವನಿಗೆ ನಾನೇ ಹೇಳಿದ್ದೇನೆ, ಅದಕ್ಕೆ ಅವರ ಆಕ್ಷೇಪ ಏನೂ ಇಲ್ಲ. ಕಾವೇರಿ ಸಂಕ್ರಮಣ ಮುಗಿದು, ಕೆಂಪು ನೀರು ತಿಳಿಯಾಗುವ ಹೊತ್ತಿಗೆ ರಾಡ್ ಒರೆಸಲು ಶುರು ಮಾಡಿದರೆ ಸಾಕು. ನನಗೆ ಡಿಸೆಂಬರಿನಿಂದ ಫೆಬ್ರವರಿ ಇಷ್ಟ. ಆದರೆ ಅದು ಕಾಫಿ ಕೊಯ್ಲಿನ ಸಮಯವೂ ಹೌದು. ಕಾಫಿ ಹಣ್ಣಿನ ಸಿಪ್ಪೆ ಸುಲಿದ ಪಲ್ಪಿಂಗ್ ನೀರನ್ನು ಯಾರಾದರೂ ತೋಡಿಗೆ ಬಿಟ್ಟರೆ ನೀರು ಕಪ್ಪಾಗಿ ವಾಸನೆ ಬರುತ್ತದೆ. ಅಲ್ಲಿ ಗಾಳ ಹಾಕಿ ಪ್ರಯೋಜನವಿಲ್ಲ.

ತೋಟೆ ಹಾಕುವುದು, ವಿಷ ಬೆರೆಸುವುದು, ಕರೆಂಟ್ ಕೊಡುವುದು ಕಣ್ಣಿಗೆ ಬಿದ್ದರೆ ನೀವೇ ಜಗಳಕ್ಕೆ ಹೋಗಬೇಡಿ. ತೋಟೆಗೂ ವಿಷಕ್ಕೂ 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ನಿಷೇಧ ಇದೆ. ಜಾಗ, ಸಮಯ, ಗಾಡಿ ನಂಬರ್ ಗುರುತು ಹಾಕಿಕೊಂಡು ಕಾವಲಿನವರಿಗೋ ಪೊಲೀಸರಿಗೋ ತಿಳಿಸಿ. ಇನ್ನು ಗಾಳಕ್ಕೆ ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ಅದನ್ನು ದಯವಿಟ್ಟು ನೀರಿಗೆ ವಾಪಸ್ ಬಿಡಬೇಡಿ. ಸಾಕುವುದೇ ನಿಷೇಧವಾಗಿರುವ ಮೀನು ಅದು, ಹೊಳೆಯಲ್ಲಿ ಸಿಕ್ಕಿದ್ದನ್ನೆಲ್ಲ ತಿಂದುಹಾಕುತ್ತದೆ. ಕಾವಲಿನವರಿಗೆ ತೋರಿಸಿ.

ಬೆಂಗಳೂರಿನಿಂದ ಬರುವ ಗೆಳೆಯರು ಮೊದಲು ಕೇಳುವುದು ಯಾವ ರೀಲ್ ತರಲಿ ಅಂತ. ರೀಲ್ ಯಾವುದಾದರೂ ಆದೀತು, ಸಂಜೆ ಬೆಳಕಿರುವಾಗಲೇ ಗಂಟುಮೂಟೆ ಕಟ್ಟಿ ಹೊರಡುವುದಾದರೆ ಮಾತ್ರ ಬನ್ನಿ ಅನ್ನುತ್ತೇನೆ. ದುಬಾರೆ ಕಾಡು ಪಕ್ಕದಲ್ಲೇ ಇದೆ, ವಾಲ್ನೂರು, ಸಿದ್ದಾಪುರದ ತೋಟಗಳಲ್ಲಿ ಆನೆ ದಿನವೂ ಓಡಾಡುತ್ತವೆ, ನೀರು ಕುಡಿಯಲು ಇಳಿಯುವುದೂ ನಾವು ನಿಲ್ಲುವ ದಡಕ್ಕೇ. ಕಾವಲಿನವರು "ಏಳಿ" ಅಂದರೆ ಮೀನು ಗಾಳ ಕಚ್ಚಿದ್ದರೂ ಲೈನ್ ಕತ್ತರಿಸಿ ಏಳಬೇಕು.