ಹೆಡ್‌ಫೋನ್ ತೆಗೆಸಿ ಹಾಡಿಸಿದ ಆಲ್ಬಂ: ನನ್ನ ಅನುಭವ

ಒಬ್ಬ ನಟಿಯ ಮೊದಲ ಹಾಡಿನ ಆಲ್ಬಂ ಧ್ವನಿಮುದ್ರಿಸಿದೆ. ನಟಿಯ ಚೊಚ್ಚಲ ಆಲ್ಬಂ ಎಂದರೆ ನಮ್ಮ ರೆಕಾರ್ಡಿಂಗ್ ಕಸುಬಿನವರು ಮೂಗು ಮುರಿಯುತ್ತಾರೆ. ಧಾರಾವಾಹಿಯಿಂದ ಬಂದ ಕೈಲಿ ಮಿನೋಗ್ 1988ರಲ್ಲಿ ಮೊದಲ ಆಲ್ಬಂನಲ್ಲೇ ಬ್ರಿಟನ್ನಿನ ಪಟ್ಟಿಯ ತುದಿಗೇರಿದ್ದನ್ನು ನೆನಪಿಸಿದರೂ ಅಷ್ಟೇ. ಈ ಸಲ ಅವರಿಗೆ ನಗು ಬಂದದ್ದು ಮಾತ್ರ ನನ್ನನ್ನು ಕಂಡು. ಹಾಡುವವರು ವಾದ್ಯಗಳ ಟ್ರ್ಯಾಕನ್ನು ಹೆಡ್‌ಫೋನಿನಲ್ಲಿ ಕೇಳುವುದು ವಾಡಿಕೆ, ನಾನು ಹಾಡುವ ಕೋಣೆಯೊಳಗೇ ಸ್ಪೀಕರ್ ಇಟ್ಟಿದ್ದೆ. ‘ಡ್ರಮ್ಸ್ ಎಲ್ಲ ಮೈಕಿಗೆ ಸೋರುತ್ತದೆ, ಮಿಕ್ಸ್ ಮಾಡುವವನ ಶಾಪ ತಟ್ಟುತ್ತದೆ’ ಎಂದರು. ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ, ಅಂದರೆ ಮಿಕ್ಸ್ ಮಾಡುವವನೂ ನಾನೇ ಆಗಿದ್ದೆ.

ಮೊದಲ ನಾಲ್ಕೈದು ಹಾಡುಗಳನ್ನು ಬಾಡಿಗೆ ಸ್ಟುಡಿಯೋದಲ್ಲಿ, ನಟಿಗೆ ಹೆಡ್‌ಫೋನ್ ಹಾಕಿಸಿಯೇ ಮಾಡಿದೆವು. ಧ್ವನಿಗೆಂದು ತೆಗೆದಿಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಕರಗಿತು. ಪಲ್ಲವಿಯ ಮೇಲಿನ ಸ್ವರ ಪ್ರತಿ ಬಾರಿಯೂ ಒಂದೆಳೆ ಕೆಳಗೆ. ಒಂದು ಕಿವಿ ತೆರೆಸಿದರೆ ಶ್ರುತಿ ಕೂಡುತ್ತಿತ್ತು, ತಾಳ ಜಾರುತ್ತಿತ್ತು. ಡಬ್ಬಿಂಗ್ ಪಳಗಿದವರಲ್ಲವೇ ಎಂದು ಒಂದೊಂದೇ ಸಾಲು ಹಾಡಿಸಿ ಜೋಡಿಸಿದೆ. ಬಿಡಿ ಸಾಲುಗಳೆಲ್ಲ ಚೊಕ್ಕ, ಇಡೀ ಹಾಡು ನಿರ್ಜೀವ. ಸೂಕ್ಷ್ಮ ಸದ್ದನ್ನೂ ಹಿಡಿಯುವ ದುಬಾರಿ ಕಂಡೆನ್ಸರ್ ಮೈಕಿನ ಬಾಡಿಗೆಯೂ ದಂಡವಾಯಿತು. ಅವರ ‘ಸ’ಕಾರಗಳು ಕಿವಿಗೆ ಚುಚ್ಚಿದ್ದಷ್ಟೇ ಲಾಭ.

ನಟಿಯೇ ಟೇಕ್ (ಒಂದು ಸಲ ಹಾಡಿ ದಾಖಲಿಸಿದ್ದು) ಕೇಳುತ್ತ ಕಂಟ್ರೋಲ್ ರೂಮಿನ ಸ್ಪೀಕರಿನ ಜೊತೆ ದನಿಗೂಡಿಸಿದಾಗ ಮಾತ್ರ ಆ ಸ್ವರ ನೆಟ್ಟಗೆ ಕೂತಿತು. ನನಗೆ ಅಷ್ಟು ಸುಳಿವು ಸಾಕಾಯಿತು, ಸ್ಪೀಕರನ್ನೇ ಹಾಡುವ ಕೋಣೆಗೆ ತಂದೆ.

ಎರಡು ಸ್ಪೀಕರ್, ಒಂದರ ಪೊಲಾರಿಟಿ (ಶಬ್ದದ ಅಲೆಯ ಏರಿಳಿತ) ತಿರುಗುಮುರುಗು, ನಡುವೆ ಮೈಕ್; ಎರಡರ ಸದ್ದೂ ಮೈಕಿನಲ್ಲಿ ಒಂದನ್ನೊಂದು ಅಳಿಸುತ್ತದೆ ಎಂಬುದು ಹಳೆಯ ಉಪಾಯ. ನಮ್ಮಲ್ಲಿ ಅದು ನಡೆಯಲಿಲ್ಲ. ಮೈಕಿನಲ್ಲಿ ಅಳಿಸಿಹೋಗಬೇಕಾದ ಬೇಸ್ ಹಾಡುವವರ ಕಿವಿಗೂ ಇಲ್ಲವಾಯಿತು. ಹಾಗಾಗಿ ಒಂದೇ ಸ್ಪೀಕರ್, ಹಿಂದಿನ ಸದ್ದನ್ನು ಅಷ್ಟಾಗಿ ಹಿಡಿಯದ ಕಾರ್ಡಿಯಾಯ್ಡ್ ಮೈಕಿನ ಬೆನ್ನಿಗೆ ನೇರ. ಮೈಕ್ ಕಂಡೆನ್ಸರಿನಷ್ಟು ಸೂಕ್ಷ್ಮವಲ್ಲದ ಸಾಧಾರಣ ಡೈನಾಮಿಕ್. 1982ರ ‘ಥ್ರಿಲ್ಲರ್’ ಆಲ್ಬಂಗೆ ಮೈಕೆಲ್ ಜಾಕ್ಸನ್ ಹಾಡಿದ್ದೂ ಶ್ಯೂರ್ ಎಸ್‌ಎಂ7 ಎಂಬ ಡೈನಾಮಿಕ್ ಮೈಕಿಗೇ, ನಾಚಿಕೆಪಡಬೇಕಾಗಿಲ್ಲ.

ಒಳ್ಳೆಯ ಟೇಕ್ ಬಂದ ಕೂಡಲೇ ಅವರು ಅಲ್ಲೇ ಬಾಯಿ ಮುಚ್ಚಿ ನಿಲ್ಲಬೇಕು. ಅದೇ ಟ್ರ್ಯಾಕನ್ನು ಅದೇ ಮಟ್ಟದಲ್ಲಿ ನುಡಿಸಿ ಸೋರಿಕೆಯನ್ನಷ್ಟೇ ದಾಖಲಿಸುತ್ತೇನೆ, ಪೊಲಾರಿಟಿ ತಿರುಗಿಸಿ ಟೇಕಿಗೆ ಸೇರಿಸುತ್ತೇನೆ, ಎರಡು ಸೋರಿಕೆಗಳೂ ಒಂದನ್ನೊಂದು ಅಳಿಸಬೇಕು. ಮೊದಲು ಏನೂ ಅಳಿಯಲಿಲ್ಲ. ಸಿಂತ್ ಪ್ಲಗಿನ್ (ಕಂಪ್ಯೂಟರಿನಲ್ಲಿ ಸ್ವರ ಹುಟ್ಟಿಸುವ ತಂತ್ರಾಂಶ) ಪ್ರತಿ ಸಲ ತುಸು ಬೇರೆಯಾಗಿ ನುಡಿಯುತ್ತಿತ್ತು. ಎಲ್ಲವನ್ನೂ ಒಂದೇ ಆಡಿಯೋ ಫೈಲ್ ಮಾಡಿದ ಮೇಲೆ ಹಿಡಿತ ಸಿಕ್ಕಿತು. ಮೈಕಿನಿಂದ ಒಳಬರುವ ದಾರಿಯಲ್ಲಿ ಸದ್ದಿನ ಏರಿಳಿತ ತಗ್ಗಿಸುವ ಕಂಪ್ರೆಸರ್ ಕೂಡದು, ಎಸಿಯೂ ಕೂಡದು. ಗಾಳಿಯ ಉಷ್ಣತೆ ಬದಲಾದರೆ ಶಬ್ದದ ವೇಗವೂ ಬದಲಾಗಿ ಮೇಲಿನ ಆವರ್ತನಗಳು ಉಳಿದುಬಿಡುತ್ತವೆ. ಹಾಡುವವರು ಅರ್ಧ ಹೆಜ್ಜೆ ಸರಿದರೂ ಅದೇ ಕಥೆ. ಇಲ್ಲಿ ನಟನೆಯ ಕಸುಬು ಕೈಹಿಡಿಯಿತು. ನೆಲಕ್ಕೆ ಟೇಪು ಅಂಟಿಸಿದ್ದೆ. ಅವರು ಕೆಳಗೆ ನೋಡದೆ ಗುರುತಿನ ಮೇಲೆ ನಿಂತು, ಗದ್ದವನ್ನೂ ಅದೇ ಕೋನದಲ್ಲಿ ಇಡುತ್ತಿದ್ದರು. ಬರೀ ಗಾಯಕರಿಂದ ಅದನ್ನು ನಾನು ಕಂಡಿಲ್ಲ.

ಕೆಳಗಿನ ಮತ್ತು ನಡುವಿನ ಆವರ್ತನಗಳಲ್ಲಿ ಸೋರಿಕೆ ಸುಮಾರು 15 ಡೆಸಿಬಲ್ ಇಳಿಯಿತು. ನಾಲ್ಕೈದು ಸಾವಿರ ಹರ್ಟ್ಸ್ ದಾಟಿದರೆ ಹೆಚ್ಚೇನಿಲ್ಲ, ಡ್ರಮ್ಸಿನ ಜೋಡಿ ತಾಳವಾದ ಹೈ-ಹ್ಯಾಟ್ ಗುಯ್‌ಗುಡುತ್ತಲೇ ಇತ್ತು. ಸ್ಪೀಕರಿಗೆ ಹೋಗುವ ಟ್ರ್ಯಾಕಿನಿಂದ ಅದನ್ನು ತೆಗೆದು ಬೇರೊಂದು ಸದ್ದು ಹಾಕಿದೆ. ಯಾವುದೆಂದು ಹೇಳುವುದಿಲ್ಲ. ಸ್ಪೀಕರಿನ ಎತ್ತರವೂ ನನ್ನಲ್ಲೇ ಇರಲಿ.

ನಡುವೆ ಸೋಫಾದಲ್ಲಿ ಒರಗಿಸಿ ಪಿಸುದನಿಯಲ್ಲಿ ಒಂದು ಚರಣ ಹಾಡಿಸಿ ನೋಡಿದೆ. ದನಿಗಿಂತ ಸೋರಿಕೆಯೇ ಜೋರಾಯಿತು. ಮುಖ್ಯ ದನಿಯ ಜೊತೆ ಕೂಡಿಸುವ ಹಾರ್ಮನಿಗಳಿಗೂ ಹೆಡ್‌ಫೋನೇ ಮೇಲು, ಎಂಟು ಪದರ ಸೇರಿದರೆ ಎಂಟು ಸೋರಿಕೆ.

ಮುಖ್ಯ ಧ್ವನಿಯನ್ನು ಆರಂಭದ ಹಾಡುಗಳಿಗೂ ಮತ್ತೆ ಹಾಡಿಸಿದೆವು, ನನ್ನದೇ ಕೋಣೆಯಲ್ಲಿ. ಬಾಡಿಗೆಯಿಲ್ಲದ್ದರಿಂದ ಉಳಿದ ಹಣ ಆಲ್ಬಂನ ಕೊನೆಯ ಹದಗೊಳಿಕೆಯಾದ ಮಾಸ್ಟರಿಂಗಿಗೂ ಎರಡು ಹಾಡುಗಳಿಗೆ ನಿಜವಾದ ಪಿಟೀಲುಗಳಿಗೂ ಸಾಲಿತು. ಶಾಪದ ಮಾತಾಡಿದವರು ಈಗ ಸ್ಪೀಕರಿನ ಎತ್ತರ ಕೇಳುತ್ತಿದ್ದಾರೆ.