ತೊಗರಿ ಕಾಳಿಗೆ ಹುಳ ಬೀಳದಂತೆ ಇಡೋದು ಹೇಗೆ

ನಮ್ಮ ಕಲಬುರಗಿ ಕಡೆ ರಾಶಿ ಮುಗಿದು ಮನೆಗೆ ತೊಗರಿ ಬಂದಿರುತ್ತೆ, ಅಲ್ವಾ? ನಾಲ್ಕು ಕಾಳು ಅಂಗೈಯಲ್ಲಿ ಹಿಡಿದು ನೋಡಿ. ಮೇಲೆ ಬಿಳಿ ಚುಕ್ಕೆ ಅಂಟಿದ್ದರೆ ಅದು ಹುಳದ ಮೊಟ್ಟೆ. ಮರಿ ಕಾಳಿನೊಳಗೇ ತಿಂದು ಬೆಳೆದು, ದುಂಡನೆ ತೂತು ಮಾಡಿ ಹೊರಗೆ ಬರುತ್ತೆ. ತೂತು ಕಾಣೋ ಹೊತ್ತಿಗೆ ತಡವಾಗಿರುತ್ತೆ.

ಅದಕ್ಕೇ ಮೊದಲು ಬಿಸಿಲು. ಮಾಳಗಿ ಮೇಲೆ ತೆಳ್ಳಗೆ ಹರವಿ, ಹಲ್ಲಿಗೆ ಕಟ್ ಅನ್ನೋ ಹಾಗೆ ಒಣಗಿಸಿ. ಪೂರ್ತಿ ಆರಿದ ಮೇಲೇ ಡಬ್ಬಿಗೆ ತುಂಬಿ. ಬಿಸಿಬಿಸಿ ತುಂಬಿದರೆ ಒಳಗೇ ಬೆವರುತ್ತೆ. ಅಡುಗೆಗೆ ಇಡೋ ಕಾಳಿಗೆ ಕಿಲೋಗೆ 5 ಮಿಲಿ, ಅಂದರೆ ಒಂದು ಟೀ ಚಮಚ, ಅಡುಗೆ ಎಣ್ಣೆ ಸವರಿ. ಮೊಟ್ಟೆ ಅಲ್ಲೇ ಸಾಯುತ್ತೆ. ನನಗೆ ಇದೇ ಜಾಸ್ತಿ ನಂಬಿಕೆ. ಬೇವಿನ ತಪ್ಪಲು ನೆರಳಲ್ಲಿ ಒಣಗಿಸಿದ್ದೇ ಹಾಕಿ, ಹಸಿ ತಪ್ಪಲು ಹಾಕಿದರೆ ಬೂಸ್ಟು ಹಿಡಿಯುತ್ತೆ. ಹಳೇ ಚೀಲ ಸುಮ್ನೆ ಹಾಗೇ ಬಳಸಬೇಡಿ, ಹೊಲಿಗೆಯಲ್ಲಿ ಹುಳ ಕೂತಿರುತ್ತೆ.